ಹಿತ್ತಲ ಮಾತು: ಈ ಸಲ ಪೂರ್ತಿ ದಾಸವಾಳ

ಈ ತಿಂಗಳು ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ದಾಸವಾಳದ್ದೇ. ಹಾಗಾಗಿ ಗುಲಾಬಿ, ಕರಿಬೇವು ಕೇಳಿದವರು ಮುಂದಿನ ಸಂಚಿಕೆವರೆಗೆ ಸ್ವಲ್ಪ ಕಾಯಬೇಕು. ಉತ್ತರ ಓದುವ ಮುಂಚೆ ಒಂದು ಕೆಲಸ ಮಾಡಿ. ನಿಮ್ಮ ಗಿಡದ ಹತ್ತಿರ ಹೋಗಿ ತುದಿಯ ಚಿಗುರು ನೋಡಿ, ನಾಲ್ಕು ಎಲೆ ತಿರುಗಿಸಿ ಹಿಂಭಾಗ ನೋಡಿ. ದಾಸವಾಳಕ್ಕೆ ಏನು ಕಷ್ಟ ಬಂದರೂ ಮೊದಲು ಕಾಣುವುದು ಅಲ್ಲೇ. ಬಹಳಷ್ಟು ಪತ್ರಗಳಲ್ಲಿ ಯಾವ ಔಷಧಿ ಹೊಡೆದೆವು, ಯಾವ ಗೊಬ್ಬರ ಹಾಕಿದೆವು ಅಂತ ಉದ್ದಕ್ಕೆ ಬರೆದಿದ್ದಾರೆ. ಗಿಡಕ್ಕೆ ದಿನಕ್ಕೆ ಎಷ್ಟು ಹೊತ್ತು ಬಿಸಿಲು ಬೀಳುತ್ತದೆ, ಕತ್ತರಿ ಹಾಕಿ ಎಷ್ಟು ಕಾಲವಾಯಿತು ಅಂತ ಬರೆದವರು ಕಮ್ಮಿ. ನಾನು ಮೊದಲು ಕೇಳುವುದು ಆ ಎರಡನ್ನೇ.

ಪ್ರಶ್ನೆ: ಟೆರೇಸಿನಲ್ಲಿ ನಾಲ್ಕು ಕುಂಡ ದಾಸವಾಳ ಇದೆ. ಚಿಗುರಿನ ತುಂಬಾ ಬಿಳಿ ಹತ್ತಿ ಥರ ಏನೋ ಅಂಟಿಕೊಂಡಿದೆ, ಎಲೆ ಮುದುಡಿದೆ. ಅಂಗಡಿಯವರು ಕೊಟ್ಟ ಔಷಧಿ ಎರಡು ಸಲ ಹೊಡೆದೆ. ಹೋಯಿತು ಅನ್ನುವಷ್ಟರಲ್ಲಿ ಮತ್ತೆ ಬಂತು. ಗಿಡ ಕಿತ್ತು ಹಾಕಲಾ?
– ವಿಜಯನಗರ, ಬೆಂಗಳೂರು

ಉತ್ತರ: ಖಂಡಿತ ಕೀಳಬೇಡಿ. ಅದು ಹಿಟ್ಟು ತಿಗಣೆ. ಮೈಮೇಲೆ ಮೇಣದಂಥ ಪುಡಿ ಇರುವುದರಿಂದ ಔಷಧಿ ಸರಿಯಾಗಿ ತಾಗದೆ ಜಾರಿ ಹೋಗುತ್ತದೆ. ಮೊಟ್ಟೆಗಳಂತೂ ಆ ಬಿಳಿ ಗಂಟಿನೊಳಗೆ ಭದ್ರವಾಗಿರುತ್ತವೆ. ಒಂದು ಸಲ ಹೊಡೆದು ಸುಮ್ನಾದರೆ ಮರಿ ಹೊರಬಂದು ಮತ್ತೆ ಮೊದಲಿನ ಕಥೆಯೇ.

ಇನ್ನೊಂದು ಸಂಗತಿ ಇರುವೆ. ನಿಮ್ಮ ಗಿಡದ ಕಾಂಡದ ಮೇಲೆ ಇರುವೆ ಸಾಲು ಹತ್ತಿ ಇಳಿಯುತ್ತಿರುತ್ತದೆ, ಗಮನಿಸಿ ನೋಡಿ. ತಿಗಣೆ ಗಿಡದ ರಸ ಹೀರಿ ಸಿಹಿ ಅಂಟನ್ನು ಹೊರಬಿಡುತ್ತದೆ. ಆ ಸಿಹಿಗಾಗಿ ಇರುವೆ ಅದನ್ನು ಕಾಯುತ್ತದೆ. ತಿಗಣೆ ತಿನ್ನಲು ಬರುವ ಹುಳುಗಳನ್ನು ಓಡಿಸುತ್ತದೆ, ಮರಿಗಳನ್ನು ಒಂದು ಕುಂಡದಿಂದ ಇನ್ನೊಂದಕ್ಕೆ ಹೊತ್ತುಕೊಂಡೂ ಹೋಗುತ್ತದೆ. ಅದೇ ಅಂಟು ಎಲೆ ಮೇಲೆ ಬಿದ್ದು ಕಪ್ಪು ಮಸಿ ಹಿಡಿಯುತ್ತದೆ. ಇರುವೆ ನಿಲ್ಲಿಸದೆ ತಿಗಣೆ ಹೋಗಲ್ಲ. ಕುಂಡವನ್ನು ಗೋಡೆಯಿಂದ ದೂರ ಇಡಿ, ಎಲೆ ಗೋಡೆಗೋ ಪಕ್ಕದ ಗಿಡಕ್ಕೋ ತಾಗದಂತೆ ನೋಡಿಕೊಳ್ಳಿ, ಕುಂಡದ ಕಾಲಿನ ಕೆಳಗೆ ನೀರಿನ ತಟ್ಟೆ ಇಡಿ. ತಟ್ಟೆಯಲ್ಲಿ ಸೊಳ್ಳೆ ಆಗದಂತೆ ನೀರು ಬದಲಾಯಿಸುತ್ತಿರಿ.

ಮುದುಡಿದ ತುದಿಗಳನ್ನು ನಾಲ್ಕು ಬೆರಳಷ್ಟು ಕತ್ತರಿಸಿ ಕವರಿಗೆ ಹಾಕಿ ಬಾಯಿ ಕಟ್ಟಿ ಎಸೆಯಿರಿ, ಕಾಂಪೋಸ್ಟಿಗೆ ಬೇಡ. ಆಮೇಲೆ ಪೈಪ್ ಹಿಡಿದು ಎಲೆ ಹಿಂಭಾಗಕ್ಕೆ ಜೋರಾಗಿ ನೀರು ಬಿಡಿ. ಅರ್ಧ ತಿಗಣೆ ಇದರಲ್ಲೇ ಉದುರುತ್ತದೆ. ಉಳಿದದ್ದಕ್ಕೆ ಒಂದು ಲೀಟರ್ ನೀರಿಗೆ 5 ಮಿಲೀ ಬೇವಿನ ಎಣ್ಣೆ, 1 ಅಥವಾ 2 ಮಿಲೀ ಪಾತ್ರೆ ತೊಳೆಯುವ ಲಿಕ್ವಿಡ್. ಮೊದಲು ಲಿಕ್ವಿಡ್ ಮತ್ತು ಎಣ್ಣೆಯನ್ನು ಚೆನ್ನಾಗಿ ಕಲಸಿ, ಆಮೇಲೆ ನೀರು ಬೆರೆಸಿ. ಇಲ್ಲವಾದರೆ ಎಣ್ಣೆ ಮೇಲೆ ತೇಲುತ್ತದೆ, ನೀವು ಬರೀ ನೀರು ಹೊಡೆದ ಹಾಗೆ. ಬಿಸಿಲು ಇಳಿದ ಮೇಲೆ, ಎಲೆ ಹಿಂಭಾಗಕ್ಕೆ, ವಾರಕ್ಕೊಮ್ಮೆಯಂತೆ ಮೂರು ವಾರ. ಮೂರನೇ ವಾರ ಬಿಡಬಾರದು, ಎಲ್ಲರೂ ಬಿಡುವುದು ಅದನ್ನೇ. ಮೆಲಾಥಿಯಾನ್ ಅನ್ನುವ ಕೀಟನಾಶಕ ಮಾತ್ರ ದಾಸವಾಳಕ್ಕೆ ಬೇಡ, ಅದಕ್ಕೆ ಗಿಡ ಎಲೆ ಉದುರಿಸಿಬಿಡುತ್ತದೆ.

ಒಂದು ಎಚ್ಚರಿಕೆ. ತಿಗಣೆ ಗುಂಪಿನ ನಡುವೆ ಅದಕ್ಕಿಂತ ದೊಡ್ಡದಾದ, ಮೈತುಂಬಾ ಉದ್ದುದ್ದ ಬಿಳಿ ಎಳೆಗಳಿರುವ, ಚುರುಕಾಗಿ ಓಡಾಡುವ ಹುಳು ಕಂಡರೆ ಕೈ ಬಿಡಿ. ತಿಗಣೆ ಹೆಚ್ಚೆಂದರೆ ಅಕ್ಕಿ ಕಾಳಿನ ಅರ್ಧದಷ್ಟು, ಕದಲುವುದೇ ಅಪರೂಪ. ಓಡಾಡುವುದು ಒಂದು ಜಾತಿ ಗುಲಗಂಜಿ ಹುಳುವಿನ ಮರಿ. ತಿಗಣೆ ವೇಷದಲ್ಲೇ ಇದ್ದು ತಿಗಣೆಯನ್ನೇ ತಿನ್ನುತ್ತದೆ. ಇದರ ಮೂಲ ಆಸ್ಟ್ರೇಲಿಯಾ. ಕಾಫಿ ಗಿಡದ ಹಸಿರು ತಿಗಣೆ ತಿನ್ನಲಿ ಅಂತ 1898ರಲ್ಲಿ ನಮ್ಮ ದೇಶಕ್ಕೆ ತಂದರು. ಅದು ಕಂಡ ದಿನದಿಂದ ಬೇವಿನ ಎಣ್ಣೆಯನ್ನೂ ನಿಲ್ಲಿಸಿ.

ನೆನಪಿರುವವರಿಗೆ ಗೊತ್ತು, 2008ರಲ್ಲಿ ಕೊಯಮತ್ತೂರಿನ ಕಡೆ ಮೊದಲು ಕಂಡ ಪಪಾಯ ಹಿಟ್ಟು ತಿಗಣೆ ಮುಂದೆ ನಮ್ಮ ಕಡೆಯ ಪಪಾಯ, ಹಿಪ್ಪುನೇರಳೆ ತೋಟಗಳಿಗೂ ನುಗ್ಗಿ ರೇಷ್ಮೆ ಬೆಳೆಗಾರರನ್ನು ಕಂಗೆಡಿಸಿತ್ತು. ದಾಸವಾಳವನ್ನೂ ಬಿಡಲಿಲ್ಲ. ಅದು ಹತೋಟಿಗೆ ಬಂದದ್ದು ಔಷಧಿಯಿಂದಲ್ಲ. 2010ರಲ್ಲಿ ಬೆಂಗಳೂರಿನ ಕೇಂದ್ರ ಸರ್ಕಾರದ ಕೃಷಿ ಕೀಟ ಸಂಸ್ಥೆ ಪೋರ್ಟೊ ರಿಕೊದಿಂದ ತಿಗಣೆಯೊಳಗೆ ಮೊಟ್ಟೆಯಿಟ್ಟು ಅದನ್ನು ಕೊಲ್ಲುವ ಒಂದು ಪುಟ್ಟ ಪರತಂತ್ರ ಕಣಜ ತರಿಸಿ, ಸಾಕಿ, ಬಿಟ್ಟಿತು. ಕಣ್ಣಿಗೂ ಸರಿಯಾಗಿ ಕಾಣದ ಆ ಕಣಜ ಮಾಡಿದ ಕೆಲಸ ಯಾವ ಔಷಧಿಯೂ ಮಾಡಿರಲಿಲ್ಲ. ಅದಕ್ಕೇ ನಾನು ಪದೇ ಪದೇ ಹೇಳುವುದು, ಟೆರೇಸಿನಲ್ಲಿ ಘಾಟು ಔಷಧಿ ಹೊಡೆದರೆ ಮೊದಲು ಸಾಯುವುದು ನಮ್ಮ ಕಡೆಯವರೇ.

ಪ್ರಶ್ನೆ: ಮೊಗ್ಗು ಬೇಕಾದಷ್ಟು ಬಿಡುತ್ತದೆ. ಇನ್ನೇನು ಅರಳಬೇಕು ಅನ್ನುವಾಗ ಹಳದಿಯಾಗಿ ಉದುರುತ್ತದೆ. ಬೆಳಿಗ್ಗೆ ಗುಡಿಸಿದರೆ ಒಂದು ಹಿಡಿ ಮೊಗ್ಗು. ನೋಡಿದರೆ ಹೊಟ್ಟೆ ಉರಿಯುತ್ತದೆ.
– ತುಮಕೂರು

ಉತ್ತರ: ಹೊಟ್ಟೆ ಉರಿಯದೆ ಇರುತ್ತಾ! ಉದುರಿದ ಮೊಗ್ಗು ಎಸೆಯಬೇಡಿ, ಕಾರಣ ಅದರೊಳಗೇ ಇರಬಹುದು. ಒಂದನ್ನು ಉಗುರಿನಿಂದ ಉದ್ದಕ್ಕೆ ಸೀಳಿ, ಬಿಳಿ ಕಾಗದದ ಮೇಲೆ ಹಿಡಿದು ನೋಡಿ.

ಒಳಗೆ ಸಣ್ಣ ಬಿಳಿ ಹುಳು ಹೊರಳಾಡುತ್ತಿದ್ದರೆ ಅದು ಮೊಗ್ಗಿನ ನೊಣದ ಮರಿ. ಮಲ್ಲಿಗೆ ಮೊಗ್ಗು ಕೆಡಿಸುವ ನೊಣವೂ ಇದೇ. ಹುಳು ಮೊಗ್ಗಿನಿಂದ ಇಳಿದು ಮಣ್ಣಿಗೆ ಸೇರಿ, ಅಲ್ಲಿ ಕೋಶ ಕಟ್ಟಿ, ಮತ್ತೆ ನೊಣವಾಗಿ ಮೇಲೆ ಬರುತ್ತದೆ. ಹೀಗಾಗಿ ಬಿದ್ದ ಮೊಗ್ಗು ಮಣ್ಣಿನ ಮೇಲೆ ಒಂದು ದಿನವೂ ಇರಬಾರದು. ದಿನಾ ಆರಿಸಿ, ಹಳದಿ ತಿರುಗಿದ್ದನ್ನು ಗಿಡದಿಂದಲೂ ಕಿತ್ತು, ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಬಿಸಿಲಿಗಿಟ್ಟು ಆಮೇಲೆ ಕಸಕ್ಕೆ ಹಾಕಿ. ಬಿಡದೆ ಮಾಡಿದರೆ ಕೆಲವು ವಾರದಲ್ಲಿ ಫರಕು ಕಾಣುತ್ತದೆ. ಮೇಲಿಂದ ಔಷಧಿ ಹೊಡೆದು ಉಪಯೋಗವಿಲ್ಲ, ಮೊಗ್ಗಿನೊಳಗಿನ ಹುಳುವಿಗೆ ತಾಗುವುದಿಲ್ಲ.

ಮೊಗ್ಗನ್ನು ಕಾಗದದ ಮೇಲೆ ತಟ್ಟಿದಾಗ ಗೆರೆ ಎಳೆದಷ್ಟು ಸಣ್ಣ, ಕಂದು ಅಥವಾ ಹಳದಿ ಹುಳು ಓಡಿದರೆ ಥ್ರಿಪ್ಸ್. ಅದಕ್ಕೆ ನೀರಿನ ರಭಸ, ಮೇಲೆ ಹೇಳಿದ ಬೇವಿನ ಎಣ್ಣೆ ಸಾಕು.

ಒಳಗೆ ಏನೂ ಇಲ್ಲ, ಮೊಗ್ಗು ಸ್ವಚ್ಛವಾಗಿದೆ ಅಂದರೆ ನೀರಿನ ಏರುಪೇರು. ಒಂದು ದಿನ ಕುಂಡ ಒಣಗಿ ಬಿರುಕು ಬಿಟ್ಟು, ಮರುದಿನ ಎರಡು ಚೊಂಬು ಸುರಿದರೆ ಗಿಡ ಮೊದಲು ಬಿಡುವುದು ಮೊಗ್ಗನ್ನೇ. ಮಾರ್ಚ್‌ನಿಂದ ಮೇವರೆಗೆ ಕುಂಡದ ಗಿಡಕ್ಕೆ ದಿನಾ ನೀರು ಬೇಕು, ಬಯಲುಸೀಮೆಯ ಟೆರೇಸಿನಲ್ಲಿ ಕೆಲವೊಮ್ಮೆ ಎರಡು ಹೊತ್ತೂ ಬೇಕು. ಮಣ್ಣಿನ ಮೇಲೆ ಒಣ ಎಲೆ ಇಲ್ಲವೇ ತೆಂಗಿನ ನಾರು ಹೊದಿಸಿ. ಹಲವು ಸುತ್ತಿನ ದೊಡ್ಡ ಹೂವಿನ ಜಾತಿಗಳು ಈ ವಿಷಯದಲ್ಲಿ ತುಂಬಾ ಸೂಕ್ಷ್ಮ, ಐದೆಸಳಿನ ನಾಟಿ ಕೆಂಪು ತಡೆದುಕೊಳ್ಳುತ್ತದೆ. ನರ್ಸರಿಯಿಂದ ಹೊಸದಾಗಿ ತಂದ ಗಿಡವಾದರೆ ಮೊದಲ ಸುತ್ತಿನ ಮೊಗ್ಗು ಉದುರುವುದು ಸಹಜ, ಜಾಗ ಬದಲಾಗಿದೆಯಲ್ಲ.

ಪ್ರಶ್ನೆ: ಗಿಡ ನನ್ನ ತಲೆಗಿಂತ ಎತ್ತರ ಆಗಿದೆ, ಎಲೆ ಕಡು ಹಸಿರು. ಹೂವು ಮಾತ್ರ ವಾರಕ್ಕೆ ಒಂದೋ ಎರಡೋ, ಅದೂ ಕೈಗೆ ಎಟುಕದಷ್ಟು ಮೇಲೆ. ಎರಡು ವಾರಕ್ಕೊಮ್ಮೆ ಯೂರಿಯಾ ಕೊಡುತ್ತಿದ್ದೇನೆ. ಡಿಎಪಿ ಹಾಕಿದರೆ ಹೂ ಬರುತ್ತೆ ಅಂತಾರೆ, ಹಾಕಲಾ?
– ದಾವಣಗೆರೆ

ಉತ್ತರ: ಎರಡೂ ಬೇಡ. ಯೂರಿಯಾ ಎಲೆ ಕೊಡುತ್ತದೆ, ನಿಮಗೆ ಸಿಕ್ಕಿದ್ದೂ ಅದೇ. ಡಿಎಪಿಯಲ್ಲಿ ರಂಜಕ ಜಾಸ್ತಿ. ಬೇರೆ ಹೂಗಿಡಗಳಿಗೆ ಸರಿ, ದಾಸವಾಳಕ್ಕೆ ರಂಜಕ ಜಾಸ್ತಿಯಾದರೆ ಕಬ್ಬಿಣದಂಥ ಪೋಷಕಾಂಶ ಸಿಗದೆ ಗಿಡ ಸೊರಗುತ್ತದೆ. ಮೂಳೆ ಪುಡಿಗೂ ಇದೇ ಮಾತು. ದಾಸವಾಳ ಕೇಳುವುದು ಪೊಟ್ಯಾಶ್. ತಿಂಗಳಿಗೊಮ್ಮೆ ಒಂದು ಲೀಟರ್ ನೀರಿಗೆ 2 ಗ್ರಾಂ ಸಲ್ಫೇಟ್ ಆಫ್ ಪೊಟ್ಯಾಶ್ ಕರಗಿಸಿ ಒದ್ದೆ ಮಣ್ಣಿಗೆ ಹಾಕಿ. ಜೊತೆಗೆ ಎರಡು ಹಿಡಿ ಹಳೆಯ ಕೊಟ್ಟಿಗೆ ಗೊಬ್ಬರ ಅಥವಾ ಎರೆಗೊಬ್ಬರ. ಅಷ್ಟು ಸಾಕು.

ನಿಜವಾದ ಕೆಲಸ ಇರುವುದು ಕತ್ತರಿಯಲ್ಲಿ. ದಾಸವಾಳ ಹೂ ಬಿಡುವುದು ಹೊಸ ಚಿಗುರಿನಲ್ಲಿ. ಹಳೇ ಕೊಂಬೆ ಎಷ್ಟು ಉದ್ದವಿದ್ದರೂ ಅದರ ತುದಿಯಲ್ಲಷ್ಟೇ ಹೂವು. ಹತ್ತು ತುದಿ ಇರುವ ಗಿಡ ಹತ್ತು ಕಡೆ ಹೂ ಬಿಟ್ಟರೆ, ಅದೇ ಹತ್ತನ್ನು ಕತ್ತರಿಸಿದಾಗ ಒಂದೊಂದರ ಕೆಳಗೂ ಎರಡು ಮೂರು ಕವಲು ಒಡೆದು ಇಪ್ಪತ್ತು ಮೂವತ್ತು ಕಡೆ ಬಿಡುತ್ತದೆ. ಕತ್ತರಿಸುವಾಗ ಹೊರಮುಖವಾಗಿರುವ ಒಂದು ಕಣ್ಣನ್ನು (ಎಲೆ ಬುಡದಲ್ಲಿ ಚಿಗುರೊಡೆಯುವ ಜಾಗ) ಹುಡುಕಿ, ಅದರ ಮೇಲೆ ಕಾಲು ಇಂಚು ಬಿಟ್ಟು ಓರೆಯಾಗಿ ಕತ್ತರಿಸಿ. ಕಣ್ಣು ಯಾವ ಕಡೆ ಮುಖ ಮಾಡಿದೆಯೋ ಕೊಂಬೆ ಆ ಕಡೆ ಹೋಗುತ್ತದೆ, ಗಿಡದ ನಡುಭಾಗ ತೆರೆದುಕೊಂಡು ಗಾಳಿ ಬೆಳಕು ಆಡುತ್ತದೆ. ಒಂದೇ ಸಲ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಬೇಡ. ನಿಮ್ಮ ಕಡೆಗೆ ಚಳಿ ಮುಗಿದ ಫೆಬ್ರವರಿ ಒಳ್ಳೆಯ ಸಮಯ, ಇಲ್ಲವಾದರೆ ಮುಂಗಾರು ಶುರುವಾದಾಗ. ಕಡು ಬೇಸಿಗೆಯಲ್ಲಿ ಕತ್ತರಿಸಿದರೆ ಒಳಗಿನ ಕೊಂಬೆ ಬಿಸಿಲಿಗೆ ಸುಡುತ್ತದೆ. ಕತ್ತರಿಸಿ ಎರಡು ತಿಂಗಳು ಹೂವಿರುವುದಿಲ್ಲ, ಮನೆಯವರು ಬೈದರೂ ತಡೆದುಕೊಳ್ಳಿ.

ಬಿಸಿಲು ದಿನಕ್ಕೆ ಐದಾರು ಗಂಟೆ ಬೇಕೇ ಬೇಕು. ನೆರಳಲ್ಲಿ ಇಟ್ಟು ಪೊಟ್ಯಾಶ್ ಹಾಕಿ ಪ್ರಯೋಜನ ಇಲ್ಲ.

ಪ್ರಶ್ನೆ: ಹೊಸ ಎಲೆಗಳು ಹಳದಿ, ನರ ಮಾತ್ರ ಹಸಿರು. ಬೋರ್‌ವೆಲ್ ನೀರು ಹಾಕುತ್ತೇವೆ. ಮೊಟ್ಟೆ ಸಿಪ್ಪೆ, ಟೀ ಚರಟ, ಈರುಳ್ಳಿ ನೀರು ಎಲ್ಲಾ ಹಾಕಿ ನೋಡಿದ್ದಾಯಿತು.
– ವಿಜಯಪುರ

ಉತ್ತರ: ಮೊದಲು ಮೊಟ್ಟೆ ಸಿಪ್ಪೆ ನಿಲ್ಲಿಸಿ. ಅದರಲ್ಲಿರುವುದು ಸುಣ್ಣ. ನಿಮ್ಮ ಎರೆ ಮಣ್ಣಿನಲ್ಲೂ ಬೋರ್‌ವೆಲ್ ನೀರಿನಲ್ಲೂ ಸುಣ್ಣ ಮೊದಲೇ ಜಾಸ್ತಿ ಇರುತ್ತದೆ. ಕುಂಡದ ಅಂಚಿನಲ್ಲಿ ಬಿಳಿ ಪಟ್ಟಿ ಕಟ್ಟಿದೆಯಾ ನೋಡಿ, ಕಟ್ಟಿದ್ದರೆ ಅದೇ. ದಾಸವಾಳಕ್ಕೆ ಸ್ವಲ್ಪ ಹುಳಿ ಮಣ್ಣು ಇಷ್ಟ, ರಸಸಾರ (ಪಿಎಚ್) 6ರಿಂದ 6.8ರ ಆಸುಪಾಸು. ಕರಾವಳಿ, ಮಲೆನಾಡಿನ ಜಂಬಿಟ್ಟಿಗೆ ಮಣ್ಣಿನಲ್ಲಿ ಬೇಲಿಗೆ ಚುಚ್ಚಿದ ಕಡ್ಡಿಯೂ ಹೂ ಬಿಡುವುದು ಇದೇ ಕಾರಣಕ್ಕೆ. ಸುಣ್ಣದ ಮಣ್ಣಿನಲ್ಲಿ ಕಬ್ಬಿಣ ಇದ್ದರೂ ಬೇರಿಗೆ ಎಟುಕುವ ರೂಪದಲ್ಲಿ ಇರುವುದಿಲ್ಲ. ಅದಕ್ಕೇ ಎಳೆ ಎಲೆ ಹಳದಿ, ನರ ಹಸಿರು. ಹಳೇ ಎಲೆ ಮೊದಲು ಹಳದಿಯಾದರೆ ಅದು ಬೇರೆ ಸಂಗತಿ, ಸಾಮಾನ್ಯವಾಗಿ ಸಾರಜನಕದ ಕೊರತೆ ಅಥವಾ ನೀರು ನಿಂತಿರುವುದು.

ಅನ್ನಭೇದಿ, ಅಂದರೆ ಕಬ್ಬಿಣದ ಸಲ್ಫೇಟ್, ಗ್ರಂಥಿಗೆ ಅಂಗಡಿಯಲ್ಲಿ ಸಿಗುತ್ತದೆ. ಲೀಟರ್ ನೀರಿಗೆ 2 ಗ್ರಾಂ ಅನ್ನಭೇದಿ, ಚಿಟಿಕೆ ನಿಂಬೆ ಉಪ್ಪು ಹಾಕಿ ಕರಗಿಸಿ ಸಂಜೆ ಎಲೆಗೆ ಸಿಂಪಡಿಸಿ, ಹದಿನೈದು ದಿನ ಬಿಟ್ಟು ಇನ್ನೊಮ್ಮೆ. ನೆಲಕ್ಕೆ, ಗೋಡೆಗೆ ಬಿದ್ದರೆ ತುಕ್ಕಿನ ಕಲೆ ಹೋಗುವುದಿಲ್ಲ, ಜೋಪಾನ. ಮಣ್ಣಿಗೆ ಹಾಕುವುದಾದರೆ ಗೊಬ್ಬರದ ಅಂಗಡಿಯಲ್ಲಿ ಚಿಲೇಟೆಡ್ ಐರನ್ ಕೇಳಿ. ಪೊಟ್ಟಣದ ಮೇಲೆ ಇಡಿಡಿಎಚ್‌ಎ ಅಂತ ಇರಬೇಕು. ಇಡಿಟಿಎ ಅಂತ ಇರುವುದು ಸುಣ್ಣದ ಮಣ್ಣಿನಲ್ಲಿ ಅಷ್ಟಾಗಿ ನಿಲ್ಲುವುದಿಲ್ಲ. ಮಳೆ ಬಂದಾಗ ಒಂದೆರಡು ಡ್ರಮ್ ನೀರು ಹಿಡಿದಿಟ್ಟುಕೊಂಡರೆ ಇನ್ನೂ ಒಳ್ಳೆಯದು. ಕುಂಡಕ್ಕೆ ಎರೆ ಮಣ್ಣಿನ ಬದಲು ಕೆಂಪು ಮಣ್ಣು, ಗೊಬ್ಬರ, ಕೋಕೋಪೀಟ್ ಸಮ ಪಾಲು ಬೆರೆಸಿ ಬದಲಾಯಿಸಿ. ಟೀ ಚರಟ ತೊಳೆದು ಒಣಗಿಸಿ ಹಾಕಿದರೆ ತೊಂದರೆ ಇಲ್ಲ. ಹಾಲು ಸಕ್ಕರೆ ಸಮೇತ ಹಾಕಿದರೆ ಇರುವೆಗೆ ನೀವೇ ಕರೆ ಕೊಟ್ಟಂತೆ.

ಪ್ರಶ್ನೆ: ಹಳದಿ ಹೂವಿನ ಪುಣೆ ದಾಸವಾಳ ಅಂತ ತಂದೆ. ಮೊದಲ ವರ್ಷ ಹಳದಿಯೇ ಬಿಟ್ಟಿತು. ಈಗ ಗಿಡದ ತುಂಬಾ ಸಣ್ಣ ಕೆಂಪು ಹೂವು. ಮೋಸ ಹೋದೆನಾ?
– ಹುಬ್ಬಳ್ಳಿ

ಉತ್ತರ: ಮೋಸ ಅಲ್ಲ. ಈ ದೊಡ್ಡ ಹೂವಿನ ಹೈಬ್ರಿಡ್‌ಗಳ ಬೇರು ಬಲ ಕಮ್ಮಿ. ಅದಕ್ಕೆ ಗಟ್ಟಿ ನಾಟಿ ಗಿಡದ ಮೇಲೆ ಕಸಿ ಕಟ್ಟಿರುತ್ತಾರೆ. ಕಾಂಡದ ಬುಡದಲ್ಲಿ ಒಂದು ಗಂಟು ಕಾಣುತ್ತದೆ, ಅದರ ಕೆಳಗಿನಿಂದ ಚಿಗುರು ಬಂದಿದೆ, ನೀವು ಅದನ್ನೂ ಬೆಳೆಯಲು ಬಿಟ್ಟಿದ್ದೀರಿ. ನಾಟಿ ಗಿಡದ ಓಟ ಜೋರು, ಹಳದಿಯನ್ನು ಹಿಂದೆ ಹಾಕಿದೆ. ಗಂಟಿನ ಮೇಲೆ ಹಳದಿಯ ಒಂದು ಕೊಂಬೆ ಜೀವ ಇದ್ದರೂ ಸಾಕು. ಕೆಳಗಿನ ಚಿಗುರನ್ನೆಲ್ಲ ಬುಡಸಮೇತ ತೆಗೆಯಿರಿ, ಮತ್ತೆ ಬಂದರೆ ಎಳೆಯದಾಗಿರುವಾಗಲೇ ಕೈಯಿಂದ ಚಿವುಟಿ. ಮೇಲೆ ಏನೂ ಉಳಿದಿಲ್ಲ ಅಂದರೆ ಅದು ಈಗ ನಾಟಿ ಕೆಂಪು ಗಿಡ. ಗಣಪತಿ ಪೂಜೆಗೆ ಅದಕ್ಕಿಂತ ಒಳ್ಳೆಯದು ಬೇಕಾ?

ಪ್ರಶ್ನೆ: ತವರಿನ ಗಿಡದ ಕಡ್ಡಿ ನೆಟ್ಟರೆ ತಟ್ಟನೆ ಚಿಗುರುತ್ತದೆ. ಹೈಬ್ರಿಡ್ ಕಡ್ಡಿ ಎಷ್ಟು ನೆಟ್ಟರೂ ಕೊಳೆಯುತ್ತದೆ.
– ಶಿರಸಿ

ಉತ್ತರ: ನಿಮ್ಮ ಮಳೆಗೆ ಹೈಬ್ರಿಡ್ ಕಡ್ಡಿ ಬಯಲಲ್ಲಿ ಬದುಕುವುದು ಕಷ್ಟ. ಪೆನ್ಸಿಲ್ ದಪ್ಪದ, ತೀರಾ ಎಳೆಯದೂ ಅಲ್ಲದ ಬಲಿತೂ ಹೋಗಿರದ ಕಡ್ಡಿ ಆರಿಸಿ. ಆರು ಇಂಚು ಉದ್ದ, ಕೆಳಗೆ ಗಣ್ಣಿನ ಪಕ್ಕದಲ್ಲೇ ಕತ್ತರಿಸಿ, ತುದಿಯಲ್ಲಿ ಎರಡು ಎಲೆ ಉಳಿಸಿ ಅವನ್ನೂ ಅರ್ಧಕ್ಕೆ ಕತ್ತರಿಸಿ. ಬೇರು ಬರಿಸುವ ಪುಡಿಗೆ ಅದ್ದಿ, ಗೊಬ್ಬರ ಇಲ್ಲದ ಮರಳು ಕೋಕೋಪೀಟ್ ಮಿಶ್ರಣಕ್ಕೆ ನೆಡಿ. ಮಳೆ ಬೀಳದ ಮಾಡಿನ ಕೆಳಗೆ ಇಟ್ಟು ಪಾರದರ್ಶಕ ಪ್ಲಾಸ್ಟಿಕ್ ಮುಚ್ಚಿ. ನಾಲ್ಕರಿಂದ ಆರು ವಾರ ಬೇಕು. ಬೇರು ಬಂತಾ ಅಂತ ಎಳೆದು ನೋಡುವ ಆಸೆ ಆಗುತ್ತದೆ, ಎಳೆಯಬೇಡಿ. ಇಷ್ಟಾದರೂ ಕೆಲವು ಜಾತಿ ಬರುವುದಿಲ್ಲ, ಅವಕ್ಕೆ ಕಸಿಯೇ ದಾರಿ.

ಪ್ರಶ್ನೆ: ನಮ್ಮ ದಾಸವಾಳ ಮೊಗ್ಗಾಗಿಯೇ ಇರುತ್ತದೆ, ಅರಳುವುದೇ ಇಲ್ಲ. ಉದುರುವುದೂ ಇಲ್ಲ.
– ಚಾಮರಾಜನಗರ

ಉತ್ತರ: ಮೆಣಸಿನಕಾಯಿಯಂತೆ ಕೆಂಪಗೆ, ಎಸಳು ಸುರುಳಿ ಸುತ್ತಿಕೊಂಡು ಕೆಳಮುಖವಾಗಿ ತೂಗುತ್ತದಾ? ಹಾಗಾದರೆ ಅದು ದಾಸವಾಳದ ಕುಟುಂಬದ ಇನ್ನೊಂದು ಗಿಡ. ಬೆಂಡೆ, ಹತ್ತಿ, ಪುಂಡಿ ಎಲ್ಲಾ ಅದೇ ಕುಟುಂಬ. ಅದರ ಹೂವು ಇರುವುದೇ ಹಾಗೆ, ರೋಗವಲ್ಲ. ಸೂರಕ್ಕಿಗಳಿಗೆ ಬಹಳ ಇಷ್ಟ, ಬೆಳಿಗ್ಗೆ ಹೊತ್ತು ಕಾದು ನೋಡಿ.

ಪ್ರಶ್ನೆ: ಬೆಳಿಗ್ಗೆ ಪೂಜೆ ಹೊತ್ತಿಗೆ ಹೂ ಕೀಳಲು ಆಗಲ್ಲ. ಹಿಂದಿನ ಸಂಜೆ ಮೊಗ್ಗು ಕಿತ್ತಿಡಬಹುದಾ?
– ಮಂಡ್ಯ

ಉತ್ತರ: ಧಾರಾಳವಾಗಿ. ನಾಳೆ ಅರಳುವ ಮೊಗ್ಗು ಉದ್ದವಾಗಿ, ಎಸಳಿನ ಬಣ್ಣ ಪೂರ್ತಿ ಹೊರಗೆ ಕಾಣುವಂತಿರುತ್ತದೆ. ಅಂಥದ್ದನ್ನು ಸಂಜೆ ಕಿತ್ತು ತಟ್ಟೆಯಲ್ಲಿ ಹರಡಿಡಿ, ನೀರು ಬೇಡ. ಬೆಳಗಾಗುವಾಗ ತಾನಾಗಿ ಅರಳಿರುತ್ತದೆ. ಸಂಜೆ ಪೂಜೆಗೆ ಬೇಕಿದ್ದರೆ ಬೆಳಿಗ್ಗೆ ಅರಳಿದ ಹೂವನ್ನೇ ಡಬ್ಬಿಯಲ್ಲಿ ಹಾಕಿ ಫ್ರಿಜ್ಜಿನಲ್ಲಿಡಿ.

ಪ್ರಶ್ನೆ: ನಾವಿರುವುದು ಅಮೆರಿಕದ ನ್ಯೂಜೆರ್ಸಿಯಲ್ಲಿ. ಬೇಸಿಗೆಯಲ್ಲಿ ಚೆನ್ನಾಗಿ ಹೂ ಬಿಟ್ಟ ದಾಸವಾಳ ಚಳಿಗೆ ಒಳಗೆ ತಂದ ಕೂಡಲೇ ಎಲೆಯೆಲ್ಲ ಉದುರಿಸಿತು. ಅಮ್ಮ ಫೋನಿನಲ್ಲಿ "ಸತ್ತಿದೆ, ಬಿಸಾಕು" ಅಂತಾರೆ.

ಉತ್ತರ: ಅಮ್ಮನಿಗೆ ಹೇಳಿ, ಸತ್ತಿಲ್ಲ. ಕೊಂಬೆಯ ಮೇಲೆ ಉಗುರಿನಿಂದ ಸ್ವಲ್ಪ ಕೆರೆದು ನೋಡಿ, ಒಳಗೆ ಹಸಿರಿದ್ದರೆ ಜೀವ ಇದೆ. ಬೆಳಕು ಏಕಾಏಕಿ ಕಮ್ಮಿಯಾದಾಗ ಎಲೆ ಉದುರಿಸುವುದು ಅದರ ಸ್ವಭಾವ. ಮುಂದಿನ ಸಲ ರಾತ್ರಿ 10 ಡಿಗ್ರಿ ಸೆಲ್ಸಿಯಸ್‌ಗೆ ಇಳಿಯುವ ಮುಂಚೆಯೇ, ಎಲೆ ಹಿಂಭಾಗ ಚೆನ್ನಾಗಿ ತೊಳೆದು ಒಳಗೆ ತನ್ನಿ. ದಕ್ಷಿಣದ ಕಿಟಕಿ ಒಳ್ಳೆಯದು. ಹೀಟರಿನ ಒಣ ಗಾಳಿಗೆ ನುಸಿ ಬರುತ್ತದೆ, ಎಲೆ ಹಿಂದೆ ಸಣ್ಣ ಬಲೆ ಕಂಡರೆ ಅದೇ. ಬಚ್ಚಲಿಗೆ ಒಯ್ದು ಶವರಿನಲ್ಲಿ ತೊಳೆಯಿರಿ. ಚಳಿಗಾಲದಲ್ಲಿ ಗೊಬ್ಬರ ಬೇಡ, ನೀರು ಕಮ್ಮಿ. ಮಾರ್ಚ್‌ನಲ್ಲಿ ಕತ್ತರಿಸಿ, ಮೇ ಕೊನೆಗೆ ಹಿಮದ ಭಯ ಹೋದ ಮೇಲೆ ಹೊರಗಿಡಿ, ಮೊದಲ ವಾರ ನೆರಳಿನಲ್ಲಿ.

ಅಂಗಳದಲ್ಲೇ ಇರಬೇಕು ಅನ್ನುವುದಾದರೆ ಅಲ್ಲಿ ರೋಸ್ ಆಫ್ ಶ್ಯಾರನ್ ಅಂತ ಮಾರುವ ದಾಸವಾಳ ನೆಡಿ. ದಕ್ಷಿಣ ಕೊರಿಯಾದ ರಾಷ್ಟ್ರೀಯ ಹೂವು ಅದು. ಹಿಮಕ್ಕೆ ಬಗ್ಗುವುದಿಲ್ಲ.

ಪ್ರಶ್ನೆ: ನರ್ಸರಿಯಿಂದ ತಂದ ಗಿಡದ ಹೂವಿನಲ್ಲಿ ತಂಬುಳಿ ಮಾಡಬಹುದಾ? ಸೊಪ್ಪು ತಲೆಗೆ ಹಚ್ಚಬಹುದಾ?
– ಪುತ್ತೂರು

ಉತ್ತರ: ತಲೆಗೆ ಹಚ್ಚುವುದಕ್ಕೂ ತಿನ್ನುವುದಕ್ಕೂ ಈಗಲೇ ಬೇಡ. ನರ್ಸರಿಗಳಲ್ಲಿ ಗಿಡದ ರಸಕ್ಕೇ ಸೇರುವ ಔಷಧಿ ಹೊಡೆದಿರುವ ಸಾಧ್ಯತೆ ಇದೆ, ತೊಳೆದರೆ ಹೋಗುವುದಿಲ್ಲ. ಕತ್ತರಿಸಿ, ಹೊಸ ಚಿಗುರು ಬಂದು, ಕೆಲವು ತಿಂಗಳು ನಿಮ್ಮ ಕೈಯಲ್ಲಿ ಔಷಧಿಯಿಲ್ಲದೆ ಬೆಳೆಯಲಿ. ಅಲ್ಲಿಯವರೆಗೆ ಪಕ್ಕದ ಮನೆಯ ಬೇಲಿಯ ನಾಟಿ ದಾಸವಾಳ ಕೇಳಿ ತನ್ನಿ. ನಿಮ್ಮ ಊರಿನಲ್ಲಿ ಯಾರೂ ಇಲ್ಲ ಅನ್ನುವುದಿಲ್ಲ. ಬರುವಾಗ ನಾಲ್ಕು ಕಡ್ಡಿಯನ್ನೂ ಕೇಳಿಕೊಂಡು ಬನ್ನಿ.